ಮೂರನೇ ಪುಟದ ಬೀಳ್ಕೊಡುಗೆ

"ನಿಮ್ಮಂಥವರು ಇನ್ನು ಸಿಗಲ್ಲ ಬಿಡಿ," ಎಂದು ಅಂಚೆ ಕಚೇರಿಯಾಕೆ ದೋಣಿಯಣ್ಣನ ಕೈ ಹಿಡಿದು ಕುಲುಕಿದಳು. ಕಣ್ಣು ಬೇರೆ ಒದ್ದೆ ಮಾಡಿಕೊಂಡಿದ್ದಳು. ಆಮೇಲೆ ಚೀಲ ಹೆಗಲಿಗೇರಿಸಿಕೊಂಡು, ದೋಣಿ ಹತ್ತದೆ, ಸೇತುವೆಯ ಕಡೆಗೆ ನಡೆದುಬಿಟ್ಟಳು. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಅದೇ ದೋಣಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದ್ದವಳು.

ದೋಣಿಯಣ್ಣ ಕುಲುಕಿಸಿಕೊಂಡ ಕೈಯನ್ನೇ ನೋಡುತ್ತ ನಿಂತ. ಊಟದ ಡಬ್ಬಿ ಕೊಡಲು ಬಂದಿದ್ದ ಅವನ ಹೆಂಡತಿಗೂ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ದರ್ಜಿ ಬಂದ. "ಸಾಕಣ್ಣ, ನಲವತ್ತು ವರ್ಷ ದುಡಿದಿದ್ದೀರಿ. ಇನ್ನಾದರೂ ಕಾಲು ಚಾಚಿ ಮಲಗಿ," ಎಂದು ಬಗಲಲ್ಲಿದ್ದ ವಾರಪತ್ರಿಕೆ ಬಿಡಿಸಿ ತೋರಿಸಿದ. ಮೂರನೇ ಪುಟದಲ್ಲಿ ಅರ್ಧ ಪುಟಕ್ಕೆ ಗಂಡನ ಫೋಟೋ. ಮೇಲೆ ದಪ್ಪಕ್ಷರದಲ್ಲಿ: "ಹೋಗಿ ಬನ್ನಿ, ದೋಣಿಯಣ್ಣ."

"ಎಲ್ಲಿಗೆ ಹೋಗಲಿ?" ಎಂದ ದೋಣಿಯಣ್ಣ. ದರ್ಜಿ ನಕ್ಕ, ಅವನೂ ಸೇತುವೆ ಹಿಡಿದ.

ಪತ್ರಿಕೆ ನಡೆಸುವವನು ಬೇರೆ ಯಾರೂ ಅಲ್ಲ, ದೋಣಿಯಣ್ಣನ ಹೆಂಡತಿಯ ಒಡಹುಟ್ಟಿದ ತಮ್ಮ. ಎಂಟು ಪುಟದ ವಾರಪತ್ರಿಕೆ. ಯಾವ ಬೀದಿಯ ಚರಂಡಿ ಕಟ್ಟಿದೆ, ಯಾರ ನಾಯಿ ಕಳೆದಿದೆ, ಯಾವ ಹೊತ್ತಿಗೆ ನೀರು ಏರುತ್ತದೆ, ಯಾರು ತೀರಿಕೊಂಡರು, ಇಷ್ಟೇ ಅದರ ಬಂಡವಾಳ. ದೋಣಿಗಳು ನಿಲ್ಲುವ ದಕ್ಕೆಯ ಬೀದಿಗಳ ಜನ ದೊಡ್ಡ ಪೇಪರನ್ನು ಓದದಿದ್ದರೂ ಇದನ್ನು ಬಿಡುತ್ತಿರಲಿಲ್ಲ. ಅದರಲ್ಲಿ ಬಂದದ್ದು ನಡೆದದ್ದು, ಬಾರದ್ದು ನಡೆದೇ ಇಲ್ಲ, ಅಷ್ಟು ನಂಬಿಕೆ.

ಡಬ್ಬಿಯನ್ನು ದೋಣಿಕಟ್ಟೆಯ ಮೆಟ್ಟಿಲ ಮೇಲಿಟ್ಟು ಅವಳು ನೇರವಾಗಿ ತಮ್ಮನ ಕಚೇರಿಗೆ ನುಗ್ಗಿದಳು. ಕಚೇರಿ ಎಂದರೆ ಜೆರಾಕ್ಸ್ ಅಂಗಡಿಯ ಹಿಂದಿನ ಒಂದು ಕೋಣೆ, ಎರಡು ಮೇಜು, ಸೂರಿನ ತನಕ ಹಳೆಯ ಸಂಚಿಕೆಗಳ ಕಟ್ಟು.

"ಏನೋ ಇದು? ಬದುಕಿರೋ ಮನುಷ್ಯನ್ನ ಹೀಗಾ ಕಳಿಸೋದು?"

ತಮ್ಮ ಮುಖ ಸಣ್ಣದು ಮಾಡಿಕೊಂಡ. "ಬರೆದಿಟ್ಟಿದ್ದು ಅಕ್ಕ. ಮುಂದೆ ಭಾವ ಕೆಲಸ ನಿಲ್ಲಿಸೋ ದಿನ ಬೇಕಾಗುತ್ತೆ ಅಂತ. ಕೊನೇ ಗಳಿಗೇಲಿ ಸೋಫಾ ಅಂಗಡಿಯವರು ಜಾಹೀರಾತು ಬೇಡ ಅಂದುಬಿಟ್ಟರು. ಪುಟ ಕಟ್ಟೋ ಹುಡುಗಿ ಸಿದ್ಧ ಕಡತದಿಂದ ಇದನ್ನ ತೆಗೆದು ಹಾಕಿದಾಳೆ."

ಸಿದ್ಧ ಕಡತದ ವಿಷಯ ಅವಳಿಗೆ ಆಗಲೇ ಗೊತ್ತಾದದ್ದು. ಕೆಲಸ ನಿಲ್ಲಿಸುವ ವಯಸ್ಸಾದವರ, ಕಾಯಿಲೆಯವರ, ನಾಳೆಯೋ ನಾಡಿದ್ದೋ ಅನ್ನುವವರ ಬಗ್ಗೆ ಮೊದಲೇ ಬರೆದಿಡುತ್ತಾರಂತೆ. ಸುದ್ದಿ ಬಂದ ದಿನ ತಾರೀಖು ಸೇರಿಸಿದರೆ ಆಯಿತು.

"ನಾನೂ ಇದೀನಾ ಅದರಲ್ಲಿ?"

"ನೀನು ಇನ್ನೂ ಗಟ್ಟಿ ಇದೀಯಲ್ಲಕ್ಕ," ಎಂದ ತಮ್ಮ, ಸಮಾಧಾನ ಹೇಳುವವನಂತೆ.

ತಿದ್ದುಪಡಿ ಹಾಕು ಎಂದು ಹಟ ಹಿಡಿದಳು. ಹಾಕುತ್ತೇನೆ ಎಂದ. ಆದರೆ ಹಾಗೆನ್ನುವಾಗಲೂ ಕಣ್ಣು ಮೊಬೈಲಿನ ಮೇಲೇ. ಅವನು ಬರೆದದ್ದನ್ನು ಜನ ಒಬ್ಬರಿಂದೊಬ್ಬರಿಗೆ ಕಳಿಸುತ್ತಿದ್ದರು. ನಗರದ ದೊಡ್ಡ ಪೇಪರಿನವರೂ ಕೇಳಿದ್ದಾರಂತೆ. "ಇಷ್ಟು ವರ್ಷದಲ್ಲಿ ನಾನು ಬರೆದಿದ್ದರಲ್ಲಿ ಇದೇ ಚೆನ್ನಾಗಿರೋದು ಅಕ್ಕ," ಎಂದು ಮೆಲ್ಲಗೆ ಅಂದ. ಅವಳಿಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸಿತು. ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಕೂಸು ಎನ್ನುವುದು ಅಡ್ಡ ಬಂತು.

ಮುಂದಿನ ವಾರ ತಿದ್ದುಪಡಿ ಬಂತು. ಏಳನೇ ಪುಟದಲ್ಲಿ, ಉಬ್ಬರ ಇಳಿತದ ಪಟ್ಟಿಯ ಕೆಳಗೆ, ಇರುವೆ ಸಾಲಿನಂಥ ಮೂರು ಸಾಲು: ದೋಣಿಯಣ್ಣನವರು ಸದ್ಯಕ್ಕೆ ದೋಣಿ ನಡೆಸುತ್ತಿದ್ದಾರೆ. ಅದನ್ನು ಯಾರು ಓದುತ್ತಾರೆ? ಜನ ಆಗಲೇ ಸೇತುವೆಯ ದಾರಿಗೆ ಹೊಂದಿಕೊಂಡಿದ್ದರು. ಕಟ್ಟೆಗೆ ಬಂದವರು ಅವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದರು. ದೋಣಿಯಣ್ಣ ಬಂದವರಿಗೆಲ್ಲ ನಗುತ್ತಲೇ, "ಹತ್ತಿ, ಬಿಟ್ಟು ಬರ್ತೀನಿ," ಎನ್ನುತ್ತಿದ್ದ. ಒಬ್ಬಿಬ್ಬರು ಮುಲಾಜಿಗೆ ಹತ್ತಿದರು.

ದೋಣಿಯ ಪರವಾನಗಿ ನವೀಕರಿಸುವ ತಿಂಗಳು ಅದೇ. ಬಂದರು ಕಚೇರಿಗೆ ಗಂಡ ಹೆಂಡತಿ ಇಬ್ಬರೂ ಹೋದರು. ಪ್ರತಿ ವರ್ಷ ಹತ್ತು ನಿಮಿಷದ ಕೆಲಸ. ಒಂದು ಸಹಿ, ಒಂದು ಮೊಹರು. ಈ ಸಲ ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟ.

"ನಿಮ್ಮ ವಿಷಯ ಓದಿ ನಮ್ಮ ಮನೇಲಿ ಎಲ್ಲರೂ ಅತ್ತುಬಿಟ್ಟರು," ಎಂದ ಅಧಿಕಾರಿ. ಕಡತದಲ್ಲಿ ಪತ್ರಿಕೆಯ ತುಣುಕು ಅಚ್ಚುಕಟ್ಟಾಗಿ ಅಂಟಿಸಿತ್ತು. ಅವನು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ: "ಹೊಳೆಯನ್ನು ಸಾವಿರಾರು ಸಲ ದಾಟಿಸಿದ ಆ ಬಲಗೈಗೆ ಇಂದು ಒಂದು ಲೋಟ ಎತ್ತುವುದೂ ಕಷ್ಟ. ಮನೆಯಲ್ಲಿ, ಯಾರೂ ನೋಡದಾಗ, ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಾರೆ."

ದೋಣಿಯಣ್ಣ ಆ ಲೇಖನವನ್ನು ಅಲ್ಲಿಯವರೆಗೆ ಓದಿರಲಿಲ್ಲ. ಓದಿಸಿಕೊಂಡೂ ಇರಲಿಲ್ಲ. ಅವಳು ಓದಿದ್ದಳು. ಆ ಸಾಲು ಬಂದಾಗಲೆಲ್ಲ ಪುಟ ಮಡಚಿಡುತ್ತಿದ್ದಳು. ಯಾರೂ ನೋಡದಾಗ ಎಂದರೆ ಅವಳೊಬ್ಬಳೇ ನೋಡುವಾಗ. ತಿಂಗಳುಗಳ ಹಿಂದೆ, ಈರುಳ್ಳಿ ಹೆಚ್ಚುತ್ತ, ತಮ್ಮನ ಮುಂದೆ ಮನಸ್ಸಿನ ಭಾರ ಇಳಿಸಿಕೊಳ್ಳಲೆಂದು ಆಡಿದ ಮಾತು ಅದು. ಭಾವನಿಗೆ ಬುದ್ಧಿ ಹೇಳಲಿ, ಸಾಕು ಮಾಡಿಸಲಿ ಎಂಬ ಆಸೆಯೂ ಇತ್ತು, ಸುಳ್ಳೇಕೆ.

"ಕೈ ಸರಿಯಿದೆ," ಎಂದ ದೋಣಿಯಣ್ಣ.

"ಹಾಗಾದರೆ ಕೈಯನ್ನ ತಲೆಯಿಂದ ಮೇಲಕ್ಕೆ ಎತ್ತಿ ನೋಡೋಣ."

ಅವನು ಎತ್ತಿದ. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಹಣೆಯ ಮೇಲೆ ಬೆವರು ಮೂಡಿತು. ಅಧಿಕಾರಿ ಸಂಕೋಚದಿಂದ ಕಿಟಕಿಯ ಕಡೆ ನೋಡಿದ.

"ಹುಟ್ಟು ಹಾಕೋಕೆ ಕೈ ತಲೆ ಮೇಲೆ ಎತ್ತಬೇಕಾಗಿಲ್ಲ ಸಾರ್," ಎಂದ ದೋಣಿಯಣ್ಣ. "ಎದೆ ಮಟ್ಟದಲ್ಲಿ ಎಳೆದರೆ ಸಾಕು. ಬೇಕಾದರೆ ಬನ್ನಿ, ಕೂತು ನೋಡಿ."

"ನಿಮ್ಮ ಮನೆಯವರೇ ಬರೆದಿದ್ದಾರಲ್ಲಣ್ಣ. ನಾಳೆ ಏನಾದರೂ ಆದರೆ ನನ್ನ ತಲೆ ಹೋಗುತ್ತೆ." ಕಟ್ಟೆಯ ಮೇಲೆ ಬೆಂಚು, ಹೂಕುಂಡ ಹಾಕುವ ಯೋಜನೆಯೂ ಇದೆ ಎಂದ. ಒಂದು ಬೆಂಚಿನ ಮೇಲೆ ಅವನ ಹೆಸರು ಕೆತ್ತಿಸೋಣ ಎಂದ. ಮೊಹರು ಮಾತ್ರ ಒತ್ತಲಿಲ್ಲ.

ದಾರಿಯುದ್ದಕ್ಕೂ ಅವನು ಎರಡು ಹೆಜ್ಜೆ ಮುಂದೆಯೇ ನಡೆದ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಜೆ ತಮ್ಮ ಕ್ಯಾಮೆರಾ ಹಿಡಿದು ಕಟ್ಟೆಗೆ ಬಂದ. ದೊಡ್ಡ ಪೇಪರಿನವರಿಗೆ ಹೊಸ ಫೋಟೋ ಬೇಕಂತೆ, ಜೋಡಿಯಾಗಿದ್ದರೆ ಇನ್ನೂ ಚೆನ್ನ. ಗಂಡ ಇವನನ್ನು ಬೈದು ಕಳಿಸುತ್ತಾನೆ ಎಂದುಕೊಂಡಿದ್ದಳು. ದೋಣಿಯಣ್ಣ ಹೋಗಿ ದೋಣಿಯಲ್ಲಿ ಕೂತ. ಅವಳಿಗೆ ಎಡಗೈ ಚಾಚಿದ.

"ನಡುವೆ ಕೂತ್ಕೋ. ಅಲುಗಾಡಬೇಡ," ಎಂದ. ಎಲ್ಲ ಪ್ರಯಾಣಿಕರಿಗೂ ಹೇಳುವ ಮಾತು.

ಅವಳು ಎದುರಿಗೆ ಕೂತಳು. ತಮ್ಮ ಮೆಟ್ಟಿಲ ಮೇಲೆ ಜಾಗ ಹುಡುಕುತ್ತಿದ್ದ.

"ನಾನೇ ಹೇಳಿದ್ದು ರೀ," ಎಂದಳು ತಗ್ಗಿದ ದನಿಯಲ್ಲಿ. "ಲೋಟದ ವಿಷಯ."

"ನಗು," ಎಂದ ಗಂಡ. "ಫೋಟೋ ತೆಗೀತಿದಾನೆ."

"ಭಾವ, ಒಂದು ಸಲ ಹುಟ್ಟು ಹಾಕಿ! ನೀರು ಸ್ವಲ್ಪ ಚಿಮ್ಮಲಿ!"

ದೋಣಿಯಣ್ಣ ಹುಟ್ಟುಗಳನ್ನು ನೀರಿಗಿಳಿಸಿ ಎದೆಗೆ ಎಳೆದ. ಇಳಿತದ ನೀರಿನಲ್ಲಿ ದೋಣಿ ಹಗುರಾಗಿ ಮುಂದೆ ಹೋಯಿತು. ಕಟ್ಟೆಗೆ ಬಿಗಿದ ಹಗ್ಗ ಬಿಚ್ಚಿರಲಿಲ್ಲ. ಅದು ನೀರಿನಿಂದ ಮೇಲೆದ್ದು, ತೊಟ್ಟಿಕ್ಕುತ್ತ ಬಿಗಿಯಾಗಿ, ದೋಣಿಯನ್ನು ತಡೆದು ಹಿಂದಕ್ಕೆ ತಂದಿತು.

"ಚೆನ್ನಾಗಿ ಬಂತು! ಇನ್ನೊಂದು ಸಲ ಭಾವ!"

ಅವನು ಇನ್ನೊಂದು ಸಲ ಎಳೆದ.