ಎರಡು ಇಂಚು ತಗ್ಗಿದ ಕಾರು

ನಾನು ಒಂದು ಸ್ಪಿಂಡಲ್, ಕಾರಿನ ಮುಂದಿನ ಚಕ್ರ ಕೂರುವ ಗೂಟವಿರುವ ಉಕ್ಕಿನ ತುಂಡು. ಹುಟ್ಟಿದ್ದು ಬೆಳಗಾವಿಯ ಒಂದು ಕುಲುಮೆಯಲ್ಲಿ. ಮಾಮೂಲಿ ಸ್ಪಿಂಡಲ್‌ಗಿಂತ ನನ್ನ ಗೂಟ ಎರಡು ಇಂಚು ಮೇಲಿದೆ. ನನ್ನನ್ನು ಹಾಕಿದರೆ ಸ್ಪ್ರಿಂಗ್ ಮುಟ್ಟದೆಯೇ ಕಾರಿನ ಮುಂಭಾಗ ಅಷ್ಟು ಕೆಳಗಿಳಿಯುತ್ತದೆ. ಅದರ ಬಗ್ಗೆ ನನಗೆ ಎಲ್ಲಿಲ್ಲದ ಜಂಬವಿತ್ತು.

ನನ್ನನ್ನೂ ನನ್ನ ಜೋಡಿಯನ್ನೂ ಹುಬ್ಬಳ್ಳಿಗೆ ತರಿಸಿದವಳು ನೀಲಾಂಬಿಕಾ. ಅಪ್ಪ ಚನ್ನವೀರಪ್ಪನವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಅವರ ಹಳೆಯ ಹಸಿರು ಕಾರನ್ನು ಸಿಂಗರಿಸುವ ಆಸೆ ಅವಳಿಗೆ. ಈ ಕಾರು ಚೂರು ತಗ್ಗಿದ್ದರೆ ಎಷ್ಟು ಚೆನ್ನ ಎಂದು ಹರೆಯದಲ್ಲಿ ಅವರೇ ಅಂದಿದ್ದರಂತೆ.

ಮೆಕ್ಯಾನಿಕ್ ಮೆಹಬೂಬಸಾಬ ಜ್ಯಾಕ್ ಏರಿಸಿ, ಹಳೆಯ ಸ್ಪಿಂಡಲ್ ಬಿಚ್ಚಿ, ಎಡಗಡೆಗೆ ನನ್ನನ್ನು ಕೂರಿಸಿದ. ಅವನದು ಬೆರಳಿನ ಅಳತೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಿಟ್ಟು ನೋಡಿದ, ಕಾರಿನ ಹೊಟ್ಟೆಯಡಿಯೂ ನೋಡಿದ. ಸೀಟು ನೆಲದಿಂದ ಎಷ್ಟು ಎತ್ತರ ಉಳಿಯಿತೆಂದು ಯಾರೂ ನೋಡಲಿಲ್ಲ.

ಚನ್ನವೀರಪ್ಪನವರ ಮೊಣಕಾಲು ಸವೆದು ವರ್ಷಗಳಾಗಿದ್ದವು. “ಭಾಳ ಛಂದ ಆಗೇತವ್ವಾ” ಎಂದು ಮಗಳ ಬೆನ್ನು ತಟ್ಟಿದರು. ಆಮೇಲೆ ಅವಳೊಡನೆ ಭಾನುವಾರ ಉಣಕಲ್ ಕೆರೆಗೆ ಹೋಗುವ ವಾಡಿಕೆ ನಿಂತಿತು. ಒಂದು ವಾರ ಹೊಟ್ಟೆ ಸರಿಯಿಲ್ಲ, ಇನ್ನೊಂದು ವಾರ ಬಿಸಿಲು. ಅವರು ಕೂರುವ ಎಡ ಸೀಟಿನ ಭಾರ ಬೀಳಬೇಕಾದ್ದು ನನ್ನ ಮೇಲೆ, ಅದು ಬೀಳುತ್ತಿಲ್ಲವೆಂದು ಮೊದಲು ತಿಳಿದದ್ದೂ ನನಗೇ. ನನಗೆ ಬಾಯಿಲ್ಲ ನಿಜ. ಆದರೆ ಬೀದಿಯವರು ಕಾರು ನೋಡಿ ಹೊಗಳುವಾಗ ನಾನು ಹಿಗ್ಗುತ್ತಿದ್ದೆ, ಅದೂ ಅಷ್ಟೇ ನಿಜ.

ಆರನೆಯ ವಾರ ಒಂದು ಮಧ್ಯಾಹ್ನ ಆ ಭಾರ ಬಿತ್ತು. ಕೂತು ಏಳುವುದನ್ನು ರೂಢಿ ಮಾಡಿಕೊಳ್ಳಲು ಅವರೊಬ್ಬರೇ ಕಾರು ನಿಲ್ಲಿಸುವ ಶೆಡ್ಡಿಗೆ ಬಂದಿದ್ದರು. ಕೂತರು, ಏಳಲಾಗಲಿಲ್ಲ. ಮೂರು ಸಲ ಭಾರ ಹಗುರಾಯಿತು, ಮೂರು ಸಲವೂ ಮತ್ತೆ ನನ್ನ ಮೇಲೇ ಕುಸಿಯಿತು. ಒಂದು ತಾಸಿನ ಮೇಲೆ ನೀಲಾಂಬಿಕಾ ಹುಡುಕಿಕೊಂಡು ಬಂದಳು.

“ಅಪ್ಪಾ, ಇಲ್ಲಿ ಕುಂತು ಎಷ್ಟೊತ್ತಾತು?”

“ಈಗ ಬಂದೆ. ಪೇಪರ್ ಓದಾಕತ್ತಿದ್ದೆ.”

ಅವರ ಕೈಯಲ್ಲಿ ಪೇಪರ್ ಇರಲಿಲ್ಲ. ಅವಳು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು.

“ನನಗ ಹೇಳಬಾರದಿತ್ತೇನು?”

“ನೀ ಅಷ್ಟು ಆಸೆಯಿಂದ ಮಾಡ್ಸಿದ್ದಿ. ಹೆಂಗ ಹೇಳ್ಲಿ?”

ಮರುದಿನವೇ ಮೆಹಬೂಬಸಾಬ ನನ್ನನ್ನು ಬಿಚ್ಚಿ ಹಳೆಯವನನ್ನು ಮತ್ತೆ ಹಾಕಿದ. ಈಗ ನಾನು ಅವನ ಗ್ಯಾರೇಜಿನ ಬಾಗಿಲು ಬಡಿಯದಂತೆ ಅಡ್ಡ ಬಿದ್ದಿದ್ದೇನೆ. ಆ ಆರು ಭಾನುವಾರಗಳನ್ನು ಅವರಿಂದ ಕಸಿದವನು ನಾನು, ಅದನ್ನು ಮರೆಯಲಾಗುವುದಿಲ್ಲ. ಭಾನುವಾರ ಹಸಿರು ಕಾರು ಇದೇ ದಾರಿಯಲ್ಲಿ ಕೆರೆಗೆ ಹೋಗುತ್ತದೆ. ಇಲ್ಲಿಂದ ಒಳಗೆ ಕೂತವರ ಮುಖ ಕಾಣುವುದಿಲ್ಲ, ಚಕ್ರವಷ್ಟೇ ಕಾಣುತ್ತದೆ. ಎಡಗಡೆ ತುಸು ತಗ್ಗಿದೆಯೇ ಎಂದು ನೋಡುತ್ತೇನೆ. ತಗ್ಗಿದ್ದರೆ ಅವರು ಒಳಗಿದ್ದಾರೆ.