ಹೊಂಡದ ಮೇಲಿನ ಕಹಿಗಿಡ

ಕುರಿಯ ಕೆಳರೆಪ್ಪೆ ಎಳೆದು ನೋಡಿದರೆ ಹೊಟ್ಟೆಯೊಳಗಿನ ಸಮಾಚಾರ ತಿಳಿಯುತ್ತದೆ. ಕೆಂಪಗಿದ್ದರೆ ಕ್ಷೇಮ, ಬಿಳಿಚಿದ್ದರೆ ಜಂತುಹುಳುಗಳು ರಕ್ತ ಹೀರುತ್ತಿವೆ ಎಂದರ್ಥ. ಆ ಬೆಳಿಗ್ಗೆ ಸೊಸೆ ಹತ್ತೊಂಬತ್ತು ಮರಿಗಳ ರೆಪ್ಪೆ ಎಳೆದಳು. ಹತ್ತೊಂಬತ್ತೂ ಸುಣ್ಣ ಬಳಿದಂತಿದ್ದವು.

ಪಶುವೈದ್ಯರು ಬಂದು ಕೈಚೆಲ್ಲಿದರು. "ಹುಳುಗಳು ಔಷಧಿಗೆ ಒಗ್ಗಿಹೋಗಿವೆ ಕಣಮ್ಮ. ಇನ್ನು ಕುಡಿಸಿದರೆ ಅವಕ್ಕದು ಷರಬತ್ತು."

ಅತ್ತೆಯ ಹತ್ತಿರ ಬೇರೆ ಮದ್ದಿತ್ತು. ಸತ್ತ ಕುರಿಗಳನ್ನು ಹೂಳುವ ಹೊಂಡದ ಮೇಲೆ ಬೆಳೆಯುವ ಒಂದು ಕಹಿಗಿಡ. ಬೇರೆಲ್ಲಿ ನೆಟ್ಟರೂ ಒಣಗುತ್ತಿತ್ತು. ಹೋದ ವರ್ಷ ಅದರ ಎಲೆ ಅರೆದು ಕುಡಿಸಿಯೇ ಈಗಿರುವ ದೊಡ್ಡ ಕುರಿಗಳನ್ನೆಲ್ಲ ಉಳಿಸಿಕೊಂಡಿದ್ದರು.

"ಈಗ ಬರೀ ಕಡ್ಡಿ ನಿಂತಿದೆಯಲ್ಲ ಅತ್ತೆ?"

"ಹೊಂಡಕ್ಕೆ ಏನಾದ್ರೂ ಬಿದ್ರೆ ಚಿಗುರುತ್ತೆ."

"ಏನಾದ್ರೂ ಅಂದ್ರೆ? ಗೊಬ್ಬರಾನಾ?"

"ಅದನ್ನೂ ಹಾಕಿ ನೋಡಿದೀನಿ ಕಣೇ. ನಿನ್ನ ಗಂಡನ ಹಾಗೇ ಅದು, ಎಲ್ಲಾ ಸೇರಲ್ಲ."

ಮರುದಿನ ಬೆಳಿಗ್ಗೆ ಮಂದೆಯಲ್ಲೇ ಎಲ್ಲಕ್ಕಿಂತ ದೊಡ್ಡ ಕುರಿ ಹೊಂಡದ ಮೇಲೆ ಮಲಗಿತ್ತು. ಕೊಟ್ಟಿಗೆಯ ಅಗಳಿ ಹಾಕಿದಂತೆಯೇ ಇತ್ತು. ಕುರಿಯ ಮೈಯಲ್ಲಿ ಗಾಯವಿಲ್ಲ, ರೆಪ್ಪೆ ದಾಸವಾಳದಷ್ಟು ಕೆಂಪು. ಉಸಿರು ಮಾತ್ರ, ಯಾರೋ ದೀಪದ ಬತ್ತಿ ಇಳಿಸುತ್ತಿರುವಂತೆ, ನಿಧಾನವಾಗುತ್ತಿತ್ತು. ಸೊಸೆ ಕತ್ತಿಗೆ ಹಗ್ಗ ಹಾಕಿ ಎಳೆತಂದಳು. ಹತ್ತು ಹೆಜ್ಜೆ ಈಚೆ ಬಂದದ್ದೇ ಉಸಿರು ಸರಿಹೋಗಿ, ಏನೂ ಆಗಿಲ್ಲವೆಂಬಂತೆ ಮೇಯತೊಡಗಿತು.

ಎರಡನೆಯ ಬೆಳಿಗ್ಗೆಯೂ ಹಾಗೆಯೇ. ಮೂರನೆಯ ಬೆಳಿಗ್ಗೆ ಎರಡು ಮರಿಗಳು ಮೇಲೇಳಲಿಲ್ಲ. ದೊಡ್ಡ ಕುರಿ ಆಗಲೇ ಹೊಂಡದ ಮೇಲಿತ್ತು. ಸೊಸೆ ಹಗ್ಗ ಬಿಗಿದಳು.

"ಎಳೀಬೇಡ," ಎಂದರು ಅತ್ತೆ, ಒಲೆಯ ಮೇಲೆ ಹಾಲಿದೆ ಎನ್ನುವ ದನಿಯಲ್ಲಿ.

"ಚೆನ್ನಾಗಿರೋ ಕುರಿ ಅತ್ತೆ! ಕಣ್ಣೆದುರಿಗೇ ಸಾಯೋಕೆ ಬಿಡಲಾ?"

"ಹೋದ ವರ್ಷ ಇದರ ತಾಯಿ ಮಲಗಿತ್ತು. ನಾನು ಎಳೀಲಿಲ್ಲ."

ಬೇಲಿಯಾಚೆ ಹದಿನೇಳು ಮರಿಗಳು ಸಾಲಾಗಿ ನಿಂತಿದ್ದವು. ಏಳಲಾಗದ ಎರಡೂ ಕತ್ತು ಇತ್ತ ತಿರುಗಿಸಿದ್ದವು. ಒಂದೂ ಅರಚಲಿಲ್ಲ. ದೊಡ್ಡ ಕುರಿ ಸೊಸೆಯತ್ತ ನೋಡಿತು. ಅದರ ನೋಟದಲ್ಲಿ ಮೊರೆಯೂ ಇರಲಿಲ್ಲ, ಭಯವೂ ಇರಲಿಲ್ಲ, ಕೆಲಸದ ನಡುವೆ ಮಾತಿಗೆಳೆಯುವವರ ಮೇಲಿನ ಸಣ್ಣ ಬೇಸರವಿತ್ತು.

ಸೊಸೆ ಕೂತು ಗಂಟು ಬಿಚ್ಚಿದಳು. ಅತ್ತೆ ಅರೆಯುವ ಕಲ್ಲು ತೊಳೆಯಲು ಒಳಗೆ ಹೋದರು.

ಕಡ್ಡಿಯ ತುದಿಯಲ್ಲಿ ಹಸಿರು ಕಾಣಿಸಿತು. ಕುರಿ ಇನ್ನೂ ಉಸಿರಾಡುತ್ತಿತ್ತು.