ಮೂರನೇ ಕೈ

"ಕೊಡು, ಬೇಗ ಕೊಡು. ತಪಾಸಣೆಯವರು ಗೇಟಿಗೆ ಬಂದ್ಬಿಟ್ಟಿದ್ದಾರೆ," ಎಂದು ಸೂಪರ್‌ವೈಸರ್ ಅಂಗೈ ಚಾಚಿದ.

ಅವಳು ತಗಡು ಒತ್ತುವ ತನ್ನ ಪ್ರೆಸ್ಸಿನ ಎಡಗುಂಡಿಯ ಸಂದಿನಿಂದ ಮರದ ಬೆಣೆಯನ್ನು ಕಿತ್ತು ಅವನ ಕೈಗಿಟ್ಟಳು. ಅವನು ಅದನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡು ಪಕ್ಕದ ಯಂತ್ರಕ್ಕೆ ನಡೆದ. ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಅವನ ಎರಡೂ ಜೇಬು ಉಬ್ಬಿಕೊಂಡಿದ್ದವು.

ಬೆಣೆಗಳನ್ನು ಹಂಚಿದವನೂ ಅವನೇ. ಪ್ರೆಸ್ಸಿಗೆ ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಕೈ ಎರಡೂ ಗುಂಡಿಯ ಮೇಲಿದ್ದರೆ ಬೆರಳು ಅಚ್ಚಿನ ಕೆಳಗೆ ಸಿಕ್ಕುವುದಿಲ್ಲ ಎಂದು ಯಂತ್ರ ಮಾಡಿದವರು ಯೋಚಿಸಿದ್ದರು. ಸೂಪರ್‌ವೈಸರನಿಗೆ ಅದು ಆಮೆಯ ನಡಿಗೆಯಾಗಿ ಕಂಡಿತ್ತು. "ಎರಡು ಕೈನೂ ಗುಂಡಿ ಮೇಲಿಟ್ಕೊಂಡು ಕೂತ್ರೆ ತಗಡನ್ನ ಬಾಯಲ್ಲಿ ಕಚ್ಚಿ ಹಾಕ್ತೀರೇನ್ರಮ್ಮ?" ಎಂದು, ಮುರಿದ ಕುರ್ಚಿಯ ಕಾಲುಗಳನ್ನು ತುಂಡು ಮಾಡಿಸಿ ಒಬ್ಬೊಬ್ಬರಿಗೂ ಒಂದೊಂದು ಕೊಟ್ಟಿದ್ದ. ಎಡಗುಂಡಿಗೆ ಬೆಣೆ ಬಿಗಿದರೆ ಅದು ಒತ್ತಿಕೊಂಡೇ ಇರುತ್ತದೆ, ಎಡಗೈಗೆ ಬಿಡುವು. ಚಿಲಕದ ತಗಡನ್ನು ಸರಸರನೆ ಒಳಗೆ ತಳ್ಳುತ್ತಿರಬಹುದು. ಪಕ್ಕದ ಪ್ರೆಸ್ಸಿನಲ್ಲಿದ್ದ ಅತ್ತಿಗೆ, ಅವಳ ಅಣ್ಣನ ಹೆಂಡತಿ, ಆವತ್ತು ನಕ್ಕಿದ್ದಳು: "ದೇವರು ಎರಡು ಕೈ ಕೊಟ್ಟ, ಸಾರ್ ಮೂರನೇದನ್ನ ಕೊಟ್ರು ನೋಡೇ."

ಆ ಅತ್ತಿಗೆಯ ಎಡಗೈಯಲ್ಲಿ ಈಗ ಮೂರು ಬೆರಳಿಲ್ಲ.

ನಿನ್ನೆ ಆಸ್ಪತ್ರೆಯಲ್ಲಿ ಅವಳು ಬ್ಯಾಂಡೇಜು ಸುತ್ತಿದ ಕೈಯನ್ನು ಹೊದಿಕೆಯೊಳಗೆ ಮುಚ್ಚಿಟ್ಟುಕೊಂಡೇ ಮಾತಾಡಿದ್ದಳು. "ನಂದೇ ತಪ್ಪಂತೆ ಕಣೇ. ಜ್ಞಾನ ಎಲ್ಲೋ ಇಟ್ಕೊಂಡಿದ್ದೆ ಅಂತ ಸಾರ್ ಬಂದು ಹೇಳಿ ಹೋದ್ರು. ಇರಬಹುದಾ?"

ಇವಳ ಮೈ ಉರಿದುಹೋಗಿತ್ತು. ಹೊರಗೆ ಬಂದಾಗ ಅಣ್ಣ ದನಿ ತಗ್ಗಿಸಿದ್ದ: "ನಾಳೆ ತಪಾಸಣೆಯವರು ಬಂದ್ರೆ ನೀನು ಬಾಯಿ ಬಿಡಬೇಡ. ಅವಳ ಕೆಲಸ ಹೋಯ್ತು. ನಿಂದೂ ಹೋದ್ರೆ ಮನೇಲಿ ಒಲೆ ಹತ್ತೋದು ಹೇಗೆ?"

ತಪಾಸಣೆಗೆ ಬಂದದ್ದು ಕನ್ನಡಕ ಹಾಕಿದ ಹೆಂಗಸು. ನೇರವಾಗಿ ಅತ್ತಿಗೆಯ ಪ್ರೆಸ್ಸಿನ ಮುಂದೆ ನಿಂತು, ಎರಡೂ ಗುಂಡಿ ಒತ್ತಿದರು. ಅಚ್ಚು ಧಡ್ಡನೆ ಬಿತ್ತು. ಒಂದೇ ಗುಂಡಿ ಒತ್ತಿದರು. ಅಲುಗಲಿಲ್ಲ.

"ಎರಡು ಕೈನೂ ಇಲ್ಲಿದ್ರೆ, ಒಳಗೆ ಹೋಗಿದ್ದು ಯಾವ ಕೈ?"

ಸೂಪರ್‌ವೈಸರ್ ಯಂತ್ರಗಳ ಗದ್ದಲದ ಮೇಲೆ ಕೂಗಿ ಹೇಳಿದ: "ಅವಳೇ ಏನೋ ಕಿತಾಪತಿ ಮಾಡ್ಕೊಂಡಿರ್ಬೇಕು ಮೇಡಂ. ಈ ಹೆಂಗಸರು ಮನೆ ಚಿಂತೆನೆಲ್ಲ ಇಲ್ಲಿಗೆ ಹೊತ್ಕೊಂಡು ಬರ್ತಾರೆ."

ಮೇಡಂ ಇವಳತ್ತ ತಿರುಗಿದರು. "ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ."

ಬೆಣೆಯಿಲ್ಲದ ಎಡಗುಂಡಿಯ ಮೇಲೆ ಅವಳು ಕೈಯಿಟ್ಟಳು. ಅಣ್ಣ ಹೇಳಿದ ಒಲೆ ನೆನಪಾಯಿತು. ನಾನು ಹೇಳುವುದು ಸರಿಯೇ, ಹೇಳಿ ಇನ್ನೇನಾದರೂ ಹಾಳು ಮಾಡಿಬಿಟ್ಟರೆ ಎಂದುಕೊಂಡಳು. ಆದರೆ ಕಿತಾಪತಿ ಎಂಬ ಆ ಒಂದು ಮಾತು ಕಿವಿಯಲ್ಲಿ ಮುಳ್ಳಿನಂತೆ ಕೂತಿತ್ತು.

"ಹಾಗೆ ತೋರಿಸಕ್ಕೆ ಬೆಣೆ ಬೇಕು ಮೇಡಂ."

"ಏನಂದ್ರಿ? ಕೇಳಿಸ್ತಿಲ್ಲ."

ಅವಳು ಕೈ ನೀಡಿ ತನ್ನ ಪ್ರೆಸ್ಸಿನ ಸ್ವಿಚ್ಚು ಆರಿಸಿದಳು. "ಬೆಣೆ. ಗುಂಡಿಗೆ ಸಿಕ್ಕಿಸೋದು. ಅತ್ತಿಗೆಗೂ ಇವರೇ ಕೊಟ್ಟಿದ್ದು. ಈಗ ನಮ್ಮೆಲ್ಲರದ್ದೂ ಸಾರ್ ಜೇಬಲ್ಲಿದೆ." ಸ್ವಲ್ಪ ಹೊತ್ತಿನ ಹಿಂದೆ ಅವನು ಚಾಚಿದ್ದ ಹಾಗೆಯೇ ಅವಳೂ ಅಂಗೈ ಚಾಚಿದಳು. "ಕೊಡಿ ಸಾರ್. ಬೇಗ ಕೊಡಿ."

"ಏನೇ, ತಲೆ ಕೆಟ್ಟಿದ್ಯಾ ನಿಂಗೆ? ನಿಮ್ಮತ್ತಿಗೆ ಜೊತೆ ನೀನೂ ಮನೇಲಿ ಕೂರ್ತೀಯಾ?"

ಎದುರಿನ ಪ್ರೆಸ್ಸಿನವಳು ಸ್ವಿಚ್ಚು ಆರಿಸಿದಳು. ಆಮೇಲೆ ಅವಳ ಪಕ್ಕದವಳು. ಒಂದೊಂದಾಗಿ ಸಾಲಿನ ಕೊನೆಯವರೆಗೂ ಯಂತ್ರಗಳು ನಿಂತವು. ಕೆಲಸದ ಹೊತ್ತಿನಲ್ಲಿ ಆ ಶೆಡ್ಡು ಅಷ್ಟು ನಿಶ್ಶಬ್ದವಾದದ್ದನ್ನು ಯಾರೂ ಕಂಡಿರಲಿಲ್ಲ.

ಸೂಪರ್‌ವೈಸರ್ ಒಂದು ಹೆಜ್ಜೆ ಹಿಂದೆ ಸರಿದ. ಅವನ ಜೇಬಿನಲ್ಲಿ ಮರಕ್ಕೆ ಮರ ತಾಗಿ ಕಟಕಟ ಎಂದಿತು.